ಕೈಗೆ ವಿದ್ಯೆ ಕೊಟ್ಟವರು

(ಕಸುಬು ಕಲಿಸುವ ಶಿಕ್ಷಕರನ್ನು ಗೌರವಿಸುವ ಸಂದರ್ಭಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಮಹಾನವಮಿಯ ದಿನ ಮಂಗಳೂರಿನ ಯಾವ ಬೀದಿಗೆ ಹೋದರೂ ಕಾಣುವ ನೋಟ ಒಂದೇ. ಗ್ಯಾರೇಜಿನ ಸ್ಪ್ಯಾನರು, ದರ್ಜಿಯ ಹೊಲಿಗೆ ಯಂತ್ರ, ಬಡಗಿಯ ಉಳಿ, ಮುದ್ರಣಾಲಯದ ಯಂತ್ರ, ಬಸ್ಸು, ಲಾರಿ, ಆಟೋರಿಕ್ಷಾ ಎಲ್ಲವನ್ನೂ ತೊಳೆದು, ಕುಂಕುಮವಿಟ್ಟು, ಹೂವು ಮುಡಿಸಿ ಪೂಜಿಸುತ್ತಾರೆ. ವರ್ಷವಿಡೀ ಅನ್ನ ಕೊಟ್ಟ ಉಪಕರಣಕ್ಕೆ ಒಂದು ದಿನದ ವಿಶ್ರಾಂತಿ, ಒಂದು ನಮಸ್ಕಾರ. ಬಹಳ ಒಳ್ಳೆಯ ಪದ್ಧತಿ. ಆದರೆ ಆ ಸ್ಪ್ಯಾನರನ್ನು ಯಾವ ಕೋನದಲ್ಲಿ ಹಿಡಿಯಬೇಕು, ಆ ಉಳಿಯನ್ನು ಮರದ ಎಳೆಗೆ ಎಷ್ಟು ಓರೆಯಾಗಿ ಇಡಬೇಕು ಎಂದು ಮೊದಲ ಬಾರಿ ತೋರಿಸಿಕೊಟ್ಟವರು ಯಾರು? ಅವರಿಗೆ ಪಂಚಾಂಗದಲ್ಲಿ ಒಂದು ದಿನವಿದೆಯೇ?

ಶಾಲೆಯ ಮೇಷ್ಟ್ರಿಗೆ ಶಿಕ್ಷಕರ ದಿನಾಚರಣೆ ಇದೆ. ಸಂಗೀತ ಕಲಿಸಿದ ಗುರುವಿಗೆ ಗುರುಪೂರ್ಣಿಮೆ ಇದೆ. ಯಕ್ಷಗಾನದ ಗುರುವಿನ ಹೆಸರನ್ನು ಶಿಷ್ಯನು ರಂಗಸ್ಥಳದಲ್ಲಿಯೇ ನೆನೆಯುತ್ತಾನೆ. ಕಸುಬು ಕಲಿಸಿದವನು ಮಾತ್ರ ಬಹುಮಟ್ಟಿಗೆ ಹೆಸರಿಲ್ಲದೆ ಉಳಿಯುತ್ತಾನೆ. ಅವನು 'ಮೇಸ್ತ್ರಿ', ಅವನು 'ಉಸ್ತಾದ', ಅವನು 'ಐಟಿಐಯ ಸಾರ್'. ಅವನು ಕಲಿಸಿದ ಹುಡುಗ ಮುಂದೆ ಕೊಲ್ಲಿ ರಾಷ್ಟ್ರಕ್ಕೆ ಹೋಗಿ ದುಡಿದು ಮನೆ ಕಟ್ಟಿದಾಗ ಗೃಹಪ್ರವೇಶದ ಆಮಂತ್ರಣದಲ್ಲಿ ಅವನ ಹೆಸರು ಇರುವುದು ಅಪರೂಪ.

ಮಂಗಳೂರಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಈ ಊರು ಅರಮನೆಯಿಂದಾಗಲಿ ರಾಜಧಾನಿ ಎಂಬ ಪಟ್ಟದಿಂದಾಗಲಿ ಬೆಳೆದದ್ದಲ್ಲ. ಬಂದರು, ಬ್ಯಾಂಕು, ಶಾಲೆ, ಕಾರ್ಖಾನೆ ಇವುಗಳಿಂದ ಬೆಳೆದದ್ದು; ಅಂದರೆ ಕಲಿತ ಕೈಗಳಿಂದ ಬೆಳೆದದ್ದು. ಕಲಿತ ಕೈಯ ಹಿಂದೆ ಕಲಿಸಿದ ಕೈಯೊಂದು ಇರಲೇಬೇಕಲ್ಲವೇ? ಆ ಕೈಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. ಹಾಗೆ ನೋಡುವಾಗ ಒಂದು ಪ್ರಶ್ನೆಯನ್ನೂ ಜತೆಗಿಟ್ಟುಕೊಳ್ಳೋಣ. ಒಬ್ಬನಿಗೆ ಕಸುಬು ಕಲಿಸಿದರೆ ಸಾಕೇ, ಅದರಾಚೆಗೂ ಕಲಿಸುವವನಿಗೆ ಕರ್ತವ್ಯವಿದೆಯೇ?

ಹೊಟ್ಟೆಯ ಪ್ರಶ್ನೆಯಿಂದ ಹುಟ್ಟಿದ ಕಾರ್ಖಾನೆ

1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಅವರು ಬಂದದ್ದು ಧರ್ಮಪ್ರಚಾರಕ್ಕೆ, ಕಾರ್ಖಾನೆ ಕಟ್ಟುವುದಕ್ಕಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಅವರ ಮುಂದೆ ಹೊಟ್ಟೆಯ ಪ್ರಶ್ನೆ ಬಂದು ನಿಂತಿತು. ಮತಾಂತರಗೊಂಡವನನ್ನು ಜಾತಿ ಹೊರಗಿಡುತ್ತಿತ್ತು. ಜಾತಿಯ ಜತೆಗೆ ಮನೆ, ಗೇಣಿಯ ಗದ್ದೆ, ಕುಲಕಸುಬು ಎಲ್ಲವೂ ಹೋಗುತ್ತಿತ್ತು. ಶೇಂದಿ ಇಳಿಸುತ್ತಿದ್ದವನು ಆ ಕಸುಬನ್ನು ಬಿಡಬೇಕಾದಾಗ ಅವನ ಕೈಗೆ ಬೇರೆ ಯಾವ ಕೆಲಸವನ್ನು ಕೊಡುವುದು? ಆ ಕಾಲದ ಸಮಾಜದಲ್ಲಿ ಕಸುಬು ಜಾತಿಯ ಸೊತ್ತಾಗಿತ್ತು. ನೇಕಾರನ ಮಗ ನೇಕಾರ, ಕುಂಬಾರನ ಮಗ ಕುಂಬಾರ. ಹೊರಗಿನವನು ಬಂದು 'ನನಗೆ ಕಲಿಸಿ' ಎಂದು ಕೇಳುವ ಬಾಗಿಲೇ ಇರಲಿಲ್ಲ.

ಮಿಶನ್ನು ಹಲವು ಪ್ರಯೋಗಗಳನ್ನು ಮಾಡಿತು. ಬೇಸಾಯ, ಬಡಗಿತನ, ಗಡಿಯಾರದ ಕೆಲಸ ಎಲ್ಲವನ್ನೂ ಪ್ರಯತ್ನಿಸಿ ನೋಡಿತು. ಅವುಗಳಲ್ಲಿ ಕೆಲವು ಬೇಗನೆ ನಿಂತುಹೋದವು. ಸೋತ ಆ ಪ್ರಯೋಗಗಳೂ ಒಂದು ಪಾಠ ಹೇಳುತ್ತವೆ. ಕಲಿಸುವವನಿಗೆ ಗೊತ್ತಿದೆ ಎಂಬ ಕಾರಣಕ್ಕೆ ಒಂದು ಕಸುಬನ್ನು ಕಲಿಸಿದರೆ ಪ್ರಯೋಜನವಿಲ್ಲ. ಊರಿಗೆ ಅದು ಬೇಕಾಗಿರಬೇಕು, ಅದಕ್ಕೆ ಬೇಕಾದ ಸಾಮಗ್ರಿ ಊರಲ್ಲಿ ದೊರೆಯಬೇಕು.

ನಿಂತ ಪ್ರಯೋಗಗಳು ಮುಖ್ಯವಾಗಿ ಮೂರು: ಮುದ್ರಣ, ನೇಯ್ಗೆ, ಹೆಂಚು. ಮುದ್ರಣ 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಬಂದುದನ್ನು ಕನ್ನಡ ಪತ್ರಿಕಾ ಚರಿತ್ರೆ ನೆನೆಯುತ್ತದೆ. ನೇಯ್ಗೆಗೆ ಬಲ ಬಂದುದು 1851ರಲ್ಲಿ ಜಾನ್ ಹ್ಯಾಲರ್ ಬಂದ ಮೇಲೆ. ಅವರು ಸ್ವತಃ ನೇಯ್ಗೆ ಕಲಿತವರು. ಬಲ್ಮಠದಲ್ಲಿ ಅವರು ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು, ಬಣ್ಣ ಹಾಕುವ ವಿಧಾನಗಳನ್ನು ಹುಡುಕಿದರು. ಖಾಕಿ ಬಣ್ಣದ ಕೀರ್ತಿಯನ್ನು ಮಂಗಳೂರು ಅವರಿಗೆ ಸಲ್ಲಿಸುತ್ತದೆ. ಪಂಜಾಬಿನ ಕಡೆಯ ಸೈನ್ಯದಳವೊಂದು ಅದಕ್ಕೆ ಮೊದಲೇ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತು ಎಂಬುದೂ ನಿಜ. ಆ ವಾದ ಹಾಗಿರಲಿ. ಮಗ್ಗವನ್ನೇ ಮುಟ್ಟದ ಮನೆತನಗಳಿಂದ ಬಂದವರು ಬಲ್ಮಠದಲ್ಲಿ ನುರಿತ ನೇಕಾರರಾದರು ಎಂಬುದು ಇಲ್ಲಿ ಮುಖ್ಯ.

ಹೆಂಚಿನ ಕಥೆ ಇನ್ನೂ ಸ್ವಾರಸ್ಯಕರ. ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿಗೆ ಬಂದದ್ದು ಮುದ್ರಣಾಲಯದ ಯಂತ್ರಗಳನ್ನು ನೋಡಿಕೊಳ್ಳಲು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಆವೆಮಣ್ಣು ಅವರ ಕಣ್ಣಿಗೆ ಬಿತ್ತು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಷ್ಟು ಹಿಂದೆಯೇ ರೂಪಿಸಿದ್ದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಅಂಥ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆಗ ಇದ್ದುದು ಎತ್ತಿನ ಬಲ, ಕೆಲವೇ ಆಳುಗಳು. ಮುಂದಿನ ದಶಕಗಳಲ್ಲಿ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೊಡಕ್ಕಲ್, ಪಾಲ್ಘಾಟ್, ಫೆರೋಕ್ ಹೀಗೆ ಕಾರ್ಖಾನೆಗಳು ಏಳಾದವು. 'ಮಂಗಳೂರು ಹೆಂಚು' ಹಡಗು ಹತ್ತಿ ಸಿಲೋನಿಗೆ, ಪೂರ್ವ ಆಫ್ರಿಕಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋಯಿತು.

ಕಣ್ಣು, ಕಿವಿ, ಬೆರಳುಗಳ ವಿದ್ಯೆ

ಹೆಂಚು ಮಾಡುವುದು ಮಣ್ಣನ್ನು ಅಚ್ಚಿಗೆ ಒತ್ತಿದಷ್ಟು ಸುಲಭ ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ಮಣ್ಣನ್ನು ಹದವಾಗಿ ಕಲಸಬೇಕು. ನೀರು ಹೆಚ್ಚಾದರೆ ಒಣಗುವಾಗ ಹೆಂಚು ತಿರುಚಿಕೊಳ್ಳುತ್ತದೆ, ಕಡಿಮೆಯಾದರೆ ಅಚ್ಚಿನಲ್ಲಿಯೇ ಬಿರಿಯುತ್ತದೆ. ಅದು ಬೆರಳಿಗೆ ತಿಳಿಯಬೇಕು. ಒತ್ತಿದ ಹೆಂಚನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಭಟ್ಟಿಯ ಬೆಂಕಿ ಸಾಕಾಯಿತೇ ಎಂಬುದನ್ನು ಕಿಂಡಿಯಲ್ಲಿ ಇಣುಕಿ ಉರಿಯ ಬಣ್ಣದಿಂದ ನಿರ್ಣಯಿಸಬೇಕು. ಕೊನೆಗೆ ಬೆಂದ ಹೆಂಚನ್ನು ಬೆರಳಿನ ಗಿಣ್ಣಿನಿಂದ ತಟ್ಟಿ ನಾದ ಕೇಳಬೇಕು. 'ಠಣ್' ಎಂದರೆ ಗಟ್ಟಿ, ಮಂದವಾಗಿ ಕೇಳಿದರೆ ಒಳಗೆಲ್ಲೋ ಬಿರುಕು. ಇದು ಕಣ್ಣು, ಕಿವಿ, ಬೆರಳುಗಳ ವಿದ್ಯೆ. ಪುಸ್ತಕ ಓದಿ ಬರುವಂಥದಲ್ಲ. ಪಕ್ಕದಲ್ಲಿ ನಿಂತವನೊಬ್ಬ 'ಈಗ ಕೇಳು, ಇದು ಸರಿ. ಈಗ ಕೇಳು, ಇದು ತಪ್ಪು' ಎಂದು ನೂರು ಸಲ ಹೇಳಿಕೊಡಬೇಕು.

ಮುದ್ರಣಾಲಯದ ವಿದ್ಯೆಯೂ ಹಾಗೆಯೇ. ಸೀಸದ ಮೊಳೆಗಳನ್ನು ಜೋಡಿಸುವವನು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾಗಿ ಓದಬೇಕು. ಇಂಗ್ಲಿಷಿನಲ್ಲಾದರೆ 26 ಅಕ್ಷರ, ಅವುಗಳ ಸಣ್ಣ ದೊಡ್ಡ ರೂಪ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮೊಳೆಗಳು, ನೂರಾರು ಮನೆಗಳು. ಯಾವ ಮನೆಯಲ್ಲಿ ಯಾವ ಮೊಳೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಿರಬೇಕು. 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಶಬ್ದಗಳ, 1,700ಕ್ಕೂ ಮಿಕ್ಕಿದ ಪುಟಗಳ ಆ ಗ್ರಂಥದ ಒಂದೊಂದು ಅಕ್ಷರವನ್ನೂ ಯಾರದೋ ಬೆರಳು ಎತ್ತಿ ಜೋಡಿಸಿದೆ. ಕನ್ನಡದ ಜತೆಗೆ ರೋಮನ್ ಲಿಪಿಯೂ ಬೆರೆತ ಪುಟಗಳವು. ಕಿಟ್ಟೆಲರ ಪಾಂಡಿತ್ಯಕ್ಕೆ ಕನ್ನಡನಾಡು ಕೈಮುಗಿದಿದೆ, ಅದು ಸರಿಯೇ. ಮೊಳೆ ಜೋಡಿಸಿದವರಿಗೂ, ಅವರಿಗೆ ಅದನ್ನು ಕಲಿಸಿದವರಿಗೂ ಆ ನಮಸ್ಕಾರದಲ್ಲಿ ಪಾಲಿದೆ.

ವಿದ್ಯೆ ಕಾರ್ಖಾನೆಯ ಗೋಡೆಯೊಳಗೆ ಉಳಿಯಲಿಲ್ಲ ಎಂಬುದೂ ಗಮನಾರ್ಹ. 1868ರಲ್ಲಿಯೇ ಸ್ಥಳೀಯರಾದ ಆಲ್ಬುಕರ್ಕ್ ಮನೆತನದ ಹೆಂಚಿನ ಕಾರ್ಖಾನೆ ತಲೆಯೆತ್ತಿತು. ಮುಂದೆ ನದಿದಂಡೆಯುದ್ದಕ್ಕೂ ಹೊಗೆಕೊಳವೆಗಳು ಎದ್ದವು. ಒಂದು ಕಡೆ ಕಲಿತ ಕೈ ಇನ್ನೊಂದು ಕಡೆ ಕಲಿಸುವ ಕೈಯಾಗುತ್ತದೆ. ಕಸುಬಿನ ವಿದ್ಯೆ ಹರಡುವ ರೀತಿ ಇದು. ಜೆಪ್ಪುವಿನಲ್ಲಿಯೇ ಕೆಥೊಲಿಕ್ ಪಾದ್ರಿಗಳ ಸಂತ ಜೋಸೆಫರ ಕಾರ್ಯಾಗಾರ ಅನಾಥ ಮತ್ತು ಬಡ ಹುಡುಗರಿಗೆ ಮರಗೆಲಸ, ಎರಕದ ಕೆಲಸ, ವಿಗ್ರಹ ಕೆತ್ತನೆಗಳನ್ನು ಕಲಿಸಿತು.

ಆದರೆ ಈ ಕಥೆಗೆ ಇನ್ನೊಂದು ಮುಖವೂ ಇದೆ. ಅದನ್ನು ಮರೆಮಾಚುವುದು ಗೌರವವಲ್ಲ. ಮಿಶನ್ನಿನ ಕಾರ್ಖಾನೆಯಲ್ಲಿ ಕೆಲಸ ಕೊಡುವವನೂ, ಮನೆ ಕೊಡುವವನೂ, ಭಾನುವಾರ ಉಪದೇಶ ಮಾಡುವವನೂ ಒಂದೇ ಸಂಸ್ಥೆಯವರು. ಕಾರ್ಖಾನೆಯ ಶಿಸ್ತು, ಚರ್ಚಿನ ಶಿಸ್ತು ಎರಡೂ ಒಂದೇ ಕೈಯಲ್ಲಿದ್ದಾಗ ಕೆಲಸಗಾರನಿಗೆ ಎದುರುತ್ತರ ಕೊಡಲು ಎಡೆ ಎಲ್ಲಿ? ಅವನ ಕೈಗೆ ವಿದ್ಯೆ ಬಂತು, ಸಂಬಳ ಬಂತು. ಆದರೆ ಬಹುಪಾಲು ಜನ ಕೊನೆಯವರೆಗೂ ಕಾರ್ಖಾನೆಯ ಆಳಾಗಿಯೇ ಉಳಿದರು. ಮೊದಲ ಮಹಾಯುದ್ಧ ಬಂದು ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟಾಗ, ಆ ಬಳಿಕ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದಾಗ, ಒಡೆಯರು ಬದಲಾದರು, ಆಳುಗಳು ಆಳುಗಳೇ ಆಗಿದ್ದರು. ಕಸುಬು ಕಲಿಸುವವರು ಕಲಿಯುವವನನ್ನು ಎಲ್ಲಿಯವರೆಗೆ ಕೈಹಿಡಿದು ನಡೆಸಬೇಕು ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ.

ಕೌಶಲ್ಯವಿತ್ತು, ಮರ್ಯಾದೆ ಇರಲಿಲ್ಲ

'ಕೈಯಲ್ಲಿ ಕಸುಬಿದ್ದರೆ ಮರ್ಯಾದೆ ತಾನಾಗಿ ಬರುತ್ತದೆ' ಎಂದು ಹಿರಿಯರು ಹೇಳುವುದುಂಟು. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯಲು ಈ ಜಿಲ್ಲೆಯ ಕೊರಗರನ್ನು ನೋಡಿದರೆ ಸಾಕು. ಕಾಡಿನ ಬಳ್ಳಿಯನ್ನು ಸೀಳಿ, ಹದಮಾಡಿ ಅವರು ನೇಯುವ ಬುಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಅವರ ಡೋಲಿನ ನುಡಿಸಾಣಿಕೆಗೆ, ಕೊಳಲಿನ ದನಿಗೆ ಸಾಟಿಯಿಲ್ಲ. ಕೌಶಲ್ಯಕ್ಕೇನೂ ಕೊರತೆಯಿರಲಿಲ್ಲ. ಆದರೂ ಅಜಲು ಎಂಬ ಹೀನ ಪದ್ಧತಿಯಲ್ಲಿ ಸಮಾಜ ಅವರನ್ನು ಮನುಷ್ಯರಿಗಿಂತ ಕೆಳಗಿಟ್ಟು ನಡೆಸಿಕೊಂಡಿತು. ಅದನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಬರಲು 2000ನೇ ಇಸವಿ ಆಗಬೇಕಾಯಿತು. ಅಂದರೆ ಕಸುಬು ಮಾತ್ರ ಸಾಲದು. ಕಸುಬು ಮಾಡುವವನಿಗೆ ಊರಿನಲ್ಲಿ ಒಂದು ಜಾಗ ಬೇಕು.

ಆ ಜಾಗವನ್ನು ದೊರಕಿಸಿಕೊಡಲು ಹೊರಟವರು ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಅವರು ಮಂಗಳೂರಿಗೆ ಬಂದು ಮೊದಲು ಶಿಕ್ಷಕರಾದರು, ಬಳಿಕ ವಕೀಲರಾದರು. ವಕೀಲಿಯಲ್ಲಿ ಸುಖವಾಗಿ ಇರಬಹುದಾಗಿದ್ದ ಮನುಷ್ಯ 1890ರ ದಶಕದಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಉರ್ವ ಚಿಲಿಂಬಿಯಲ್ಲಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಸ್ವಂತ ಸಮುದಾಯ ಅವರನ್ನು ದೂರವಿಟ್ಟಿತು. ಈ ಮಕ್ಕಳಿಗೆ ಪಾಠ ಹೇಳಲು ಶಿಕ್ಷಕರು ಸಿಗುವುದೇ ದುಸ್ತರವಾಗಿತ್ತು.

ರಂಗರಾಯರ ದೊಡ್ಡತನ ಅವರ ವ್ಯವಹಾರಜ್ಞಾನದಲ್ಲಿದೆ. ಬಡವನ ಮಗು ಶಾಲೆಗೆ ಬಂದರೆ ಮನೆಯಲ್ಲಿ ಒಂದು ಜೊತೆ ಕೈ ಕಡಿಮೆಯಾಗುತ್ತದೆ, ಆ ದಿನದ ದುಡಿಮೆ ಹೋಗುತ್ತದೆ ಎಂದು ಅವರು ಬಲ್ಲರು. ಆದ್ದರಿಂದ ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಹಸಿದ ಹೊಟ್ಟೆಗೆ ಅಕ್ಷರ ಹತ್ತದು ಎಂದು ಮಧ್ಯಾಹ್ನದ ಊಟ ಹಾಕಿದರು. ಅಕ್ಷರದ ಜತೆಗೆ ಕೈಕಸುಬನ್ನೂ ಕಲಿಸುವ ಏರ್ಪಾಡು ಮಾಡಿದರು. ದೂರದ ಹುಡುಗರಿಗೆ ಕೊಡಿಯಾಲ್‌ಬೈಲಿನಲ್ಲಿ ವಿದ್ಯಾರ್ಥಿನಿಲಯ ತೆರೆದರು. ನೆಲೆಯಿಲ್ಲದವರಿಗೆ ಜಮೀನು ದೊರಕಿಸಲು ಸರಕಾರದ ಬಾಗಿಲು ತಟ್ಟಿದರು. ಇಂದು ತರಬೇತಿ ಕಾಲದ ಭತ್ಯೆ, ಬಿಸಿಯೂಟ, ವಸತಿ, ಪುನರ್ವಸತಿ ಎಂದು ಬೇರೆ ಬೇರೆ ಇಲಾಖೆಗಳು ಹಂಚಿಕೊಂಡಿರುವ ಕೆಲಸವನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ವಕೀಲರು ತಮ್ಮ ಹೆಗಲ ಮೇಲೆ ಹೊತ್ತರು.

ತಾವು ಓದಿಸಿದ ಸಮುದಾಯದ ಮಗುವೊಂದು ಮುಂದೆ ಅಧಿಕಾರಿಯಾಗಿ ಕಾರಿನಲ್ಲಿ ಹೋಗುವಾಗ ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ರಂಗರಾಯರ ಹಾರೈಕೆಯೆಂದು ಮಂಗಳೂರಿನ ಜನ ಇಂದಿಗೂ ನೆನೆಯುತ್ತಾರೆ. ಕಸುಬು ಕಲಿಸುವವನ ಮನಸ್ಸು ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಶಿಷ್ಯ ತನಗಿಂತ ಮುಂದೆ ಹೋಗಬೇಕು. ತನ್ನನ್ನು ದಾಟಿ ಹೋಗುವಾಗ ಏಳುವ ಧೂಳೇ ತನಗೆ ಗುರುದಕ್ಷಿಣೆ! 1928ರ ಜನವರಿ 30ರಂದು ಅವರು ತೀರಿಕೊಂಡರು. 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕಾರ್ಯವನ್ನು ಕೊಂಡಾಡಿದರು. ನಗರದ ಪುರಭವನ ಇಂದು ಅವರ ಹೆಸರು ಹೊತ್ತಿದೆ. ಗೌರವ ಸಲ್ಲಲು ತಡವಾಯಿತು, ಆದರೆ ಸಂದಿತು.

ಗೌರವವನ್ನೇ ಕಸುಬಾಗಿಸಿಕೊಂಡ ಮಹಿಳೆ

ಕುಶಲಕರ್ಮಿಯನ್ನು ದೇಶವೇ ಎದ್ದು ನಿಂತು ಗೌರವಿಸಬೇಕು ಎಂದು ಸ್ವತಂತ್ರ ಭಾರತಕ್ಕೆ ಕಲಿಸಿದವರೂ ಈ ಊರಿನ ಮಗಳೇ. ಕಮಲಾದೇವಿ ಚಟ್ಟೋಪಾಧ್ಯಾಯ 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ, ಉಪ್ಪಿನ ಸತ್ಯಾಗ್ರಹದಲ್ಲಿ ಅವರು ವಹಿಸಿದ ಪಾತ್ರ ಎಲ್ಲರಿಗೂ ತಿಳಿದದ್ದು. ದೇಶ ವಿಭಜನೆಯಾಗಿ ನಿರಾಶ್ರಿತರು ದೆಹಲಿಗೆ ಬಂದು ಬಿದ್ದಾಗ ಅವರು ಅಧಿಕಾರದ ಕುರ್ಚಿಯ ಕಡೆಗೆ ಹೋಗದೆ ನಿರಾಶ್ರಿತರ ಕಡೆಗೆ ಹೋದರು. 1948ರಲ್ಲಿ ಆರಂಭವಾದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಮೂಲಕ ಫರೀದಾಬಾದಿನಲ್ಲಿ ನಿರಾಶ್ರಿತರು ತಮ್ಮ ಊರನ್ನು ತಾವೇ ಕಟ್ಟಿಕೊಳ್ಳುವಂತೆ ಮಾಡಿದ ಕೆಲಸದಲ್ಲಿ ಅವರು ಮುಂದಾಳು. ಮನೆ ಕಟ್ಟುತ್ತ ಗಾರೆ ಕೆಲಸ ಕಲಿಯುವುದು, ಕಲಿಯುತ್ತ ಸಂಪಾದಿಸುವುದು ಅಲ್ಲಿಯ ಕ್ರಮವಾಗಿತ್ತು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತ ಬಳಿಕ ಅವರು ಹಳ್ಳಿ ಹಳ್ಳಿ ತಿರುಗಿ ಕುಂಬಾರ, ನೇಕಾರ, ಕಂಚುಗಾರರ ಜಗಲಿಯಲ್ಲಿ ಕುಳಿತು ಅವರ ಕೆಲಸವನ್ನು ನೋಡಿದರು. ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1965ರಲ್ಲಿ ಬಂದುದರ ಹಿಂದೆ ಅವರ ಪ್ರೇರಣೆ ಇತ್ತು. ಅದರ ಮುಂದಿನ ಹೆಜ್ಜೆಯಾಗಿ 2002ರಲ್ಲಿ 'ಶಿಲ್ಪಗುರು' ಪ್ರಶಸ್ತಿ ಬಂತು. ತಾನು ಚೆನ್ನಾಗಿ ಮಾಡಿದವನಿಗೆ ಮೊದಲಿನ ಪ್ರಶಸ್ತಿಯಾದರೆ, ಚೆನ್ನಾಗಿ ಮಾಡಿ ಇತರರಿಗೂ ಕಲಿಸಿದವನಿಗೆ ಶಿಲ್ಪಗುರು. ವ್ಯತ್ಯಾಸ ಸಣ್ಣದೆಂದು ತೋರಬಹುದು, ಆದರೆ ಬಹಳ ದೊಡ್ಡದು. ಮಾಡಿದವನ ಕೆಲಸ ಅವನ ಕಾಲಕ್ಕೆ ಮುಗಿಯುತ್ತದೆ. ಕಲಿಸಿದವನ ಕೆಲಸ ಮುಂದಿನ ತಲೆಮಾರಿಗೆ ದಾಟುತ್ತದೆ.

ಜಪಾನ್ ದೇಶ ಈ ಮಾತನ್ನು ಇನ್ನೂ ಮೊದಲೇ ಅರಿತಿತ್ತು. ಅಲ್ಲಿ ಶ್ರೇಷ್ಠ ಕುಂಬಾರರನ್ನು, ನೇಕಾರರನ್ನು, ಖಡ್ಗ ತಯಾರಕರನ್ನು 1955ರಿಂದ ಸರಕಾರ ಗುರುತಿಸುತ್ತ ಬಂದಿದೆ. ಜನ ಅವರನ್ನು 'ಜೀವಂತ ರಾಷ್ಟ್ರೀಯ ನಿಧಿ' ಎಂದೇ ಕರೆಯುತ್ತಾರೆ. ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಧನಸಹಾಯವಿದೆ. ಅದು ಶಿಷ್ಯರನ್ನು ತಯಾರು ಮಾಡಲು, ವಿದ್ಯೆಯನ್ನು ಉಳಿಸಲು ಕೊಡುವ ಹಣ. ಗೌರವದ ಜತೆಗೆ ಹೊಣೆಯೂ ಉಂಟು ಎಂಬುದು ಅಲ್ಲಿಯ ಭಾವನೆ. ಕರಾವಳಿಯಲ್ಲಿ ಕಾರ್ಕಳದ ಬಳಿಯ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಸಂಸ್ಥೆ ಕಲ್ಲು, ಮರ, ಲೋಹಗಳ ಶಿಲ್ಪವನ್ನು ಯುವಕರಿಗೆ ಕಲಿಸುತ್ತಿದೆ. ಗುರುವಿನ ಎದುರು ಕುಳಿತು ಉಳಿಯ ಸದ್ದಿನಿಂದಲೇ ಪಾಠ ಕಲಿಯುವ ಕ್ರಮ ಅಲ್ಲಿ ಉಳಿದುಬಂದಿದೆ.

ಕಲಿಸಿ ಕೈಬಿಡದ ಕ್ರಮ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಲಿಸಿದ ಮೇಲೆ ಏನು? ಸ್ವಾತಂತ್ರ್ಯದ ಬಳಿಕ ದೇಶದಲ್ಲಿ ಕಸುಬಿನ ಶಿಕ್ಷಣ ಸರಕಾರದ ಕೆಲಸವಾಯಿತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು, ಕೈಗಾರಿಕಾ ತರಬೇತಿ ಸಂಸ್ಥೆಗಳು ಅಂದರೆ ಐಟಿಐಗಳು ಹುಟ್ಟಿದವು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಮಂಗಳೂರಿನ ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ ಅದಕ್ಕೂ ಮೊದಲು, 1946ರಲ್ಲಿಯೇ ಆರಂಭವಾಗಿತ್ತು. ಈ ಸಂಸ್ಥೆಗಳ ಲೇತು ಯಂತ್ರಗಳ ಮುಂದೆ, ವೆಲ್ಡಿಂಗ್ ಶೆಡ್ಡಿನಲ್ಲಿ, ಫಿಟ್ಟಿಂಗ್ ಮೇಜಿನ ಬಳಿ ನಿಂತು ಕಲಿತವರು ಹಡಗುಕಟ್ಟೆಯಿಂದ ಹಿಡಿದು ತೈಲ ಶುದ್ಧೀಕರಣ ಘಟಕದವರೆಗೆ ಎಲ್ಲೆಡೆ ಇದ್ದಾರೆ.

ಆದರೆ ಪ್ರಮಾಣಪತ್ರ ಕೈಗೆ ಬಂದ ದಿನವೇ ಕಲಿತವನ ನಿಜವಾದ ಕಷ್ಟ ಆರಂಭವಾಗುತ್ತದೆ. ಅಂಗಡಿ ಇಡಲು ಬಂಡವಾಳವಿಲ್ಲ. ಬ್ಯಾಂಕಿನವರು ಜಾಮೀನು ಕೇಳುತ್ತಾರೆ. ಮೊದಲ ಗಿರಾಕಿ ನಂಬುವುದಿಲ್ಲ. ಆರು ತಿಂಗಳಲ್ಲಿ ಉತ್ಸಾಹ ಇಂಗುತ್ತದೆ. ಈ ಕಷ್ಟವನ್ನು ಅರಿತು ರೂಪುಗೊಂಡ ಸಂಸ್ಥೆ ದಕ್ಷಿಣ ಕನ್ನಡದ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವ, ಅಂದಿನ ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಸಹಯೋಗ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡೂ ಈ ಕರಾವಳಿಯಲ್ಲಿಯೇ ಹುಟ್ಟಿದ ಬ್ಯಾಂಕುಗಳು.

ರುಡ್‌ಸೆಟ್‌ನ ಕ್ರಮ ಸರಳ. ನಿರುದ್ಯೋಗಿ ಯುವಕ ಯುವತಿಯರಿಗೆ ಅಲ್ಪಾವಧಿಯ ಉಚಿತ ತರಬೇತಿ. ಊಟ, ವಸತಿಯೂ ಉಚಿತ. ಮೋಟಾರು ರಿವೈಂಡಿಂಗ್, ಹೊಲಿಗೆ, ಹೈನುಗಾರಿಕೆ, ಮೊಬೈಲು ದುರಸ್ತಿ, ಹೀಗೆ ಊರಿಗೆ ಬೇಕಾದ ಕಸುಬು. ಕಸುಬಿನಷ್ಟೇ ಮುಖ್ಯವಾಗಿ ಲೆಕ್ಕ ಬರೆಯುವುದು, ಗಿರಾಕಿಯೊಡನೆ ಮಾತನಾಡುವುದು, ಸಾಲದ ಅರ್ಜಿ ತುಂಬುವುದು, ಸೋಲನ್ನು ತಾಳಿಕೊಳ್ಳುವುದು ಇವುಗಳ ಪಾಠ. ಅಭ್ಯರ್ಥಿ ಊರಿಗೆ ಹೋದ ಬಳಿಕ ಅವನನ್ನು ಮರೆಯದೆ ಸಂಪರ್ಕ ಇಟ್ಟುಕೊಂಡು, ಸಾಲ ದೊರೆಯಿತೇ, ಕೆಲಸ ನಡೆಯುತ್ತಿದೆಯೇ ಎಂದು ವಿಚಾರಿಸುವುದು. ಎಲ್ಲಕ್ಕಿಂತ ದೊಡ್ಡದು ಈ ಕೊನೆಯ ಕೆಲಸವೇ. ಹೆಂಚಿನ ಕಾರ್ಖಾನೆಯ ಕಾಲದಲ್ಲಿ ಕಲಿತವನು ಆಳಾದನು. ಇಲ್ಲಿ ಕಲಿತವನು ಸಣ್ಣದಾದರೂ ಸ್ವಂತ ಅಂಗಡಿಯ ಯಜಮಾನನಾಗಲಿ ಎಂಬುದು ಗುರಿ. ಈ ಮಾದರಿಯನ್ನು ಕೇಂದ್ರ ಸರಕಾರ 2009ರಿಂದ ದೇಶದ ಜಿಲ್ಲೆ ಜಿಲ್ಲೆಗಳಿಗೆ ವಿಸ್ತರಿಸಿತು. ಇಂದು ಅಂಥ ಸಂಸ್ಥೆಗಳು ಐನೂರಕ್ಕೂ ಹೆಚ್ಚು ಇವೆ. ಉಜಿರೆಯಲ್ಲಿ ಹೊತ್ತಿದ ದೀಪದಿಂದ ದೇಶದ ಹಲವು ಮನೆಗಳ ದೀಪ ಹೊತ್ತಿದೆ.

ಗೌರವ ಎಂದರೆ ಶಾಲು ಮಾತ್ರವೇ?

ಕಲಿಸುವವರಿಗೆ ಇತ್ತೀಚಿನ ವರ್ಷಗಳಲ್ಲಿ ಸ್ವಲ್ಪ ಮನ್ನಣೆ ದೊರೆಯುತ್ತಿದೆ. ವಿಶ್ವಸಂಸ್ಥೆ 2014ರಲ್ಲಿ ಜುಲೈ 15ನ್ನು ಯುವ ಕೌಶಲ್ಯ ದಿನವೆಂದು ಘೋಷಿಸಿತು. ಭಾರತ ಸರಕಾರ 'ಕೌಶಲಾಚಾರ್ಯ' ಎಂಬ ಹೆಸರಿನಲ್ಲಿ ತರಬೇತುದಾರರನ್ನು ಗೌರವಿಸಲು ತೊಡಗಿತು. 2022ರಲ್ಲಿ ಐಟಿಐ ವಿದ್ಯಾರ್ಥಿಗಳಿಗೆ ವಿಶ್ವಕರ್ಮ ಜಯಂತಿಯ ದಿನವಾದ ಸೆಪ್ಟೆಂಬರ್ 17ರಂದು ಪದವಿ ಪ್ರದಾನ ಸಮಾರಂಭ ನಡೆಯಿತು. ಪದವೀಧರರಂತೆ ಫಿಟ್ಟರನಿಗೂ ಒಂದು ಘಟಿಕೋತ್ಸವ! ಒಳ್ಳೆಯದೇ ಆಯಿತು.

ಆದರೆ ಗೌರವ ಎಂದರೆ ವೇದಿಕೆ, ಶಾಲು, ಫಲಪುಷ್ಪ ಮಾತ್ರವಲ್ಲ. ಹೊಸ ಯಂತ್ರ ಬಂದಾಗ ಮೊದಲು ಅದನ್ನು ಕಲಿಯುವ ಅವಕಾಶ ಕಲಿಸುವವನಿಗೆ ದೊರೆಯಬೇಕು. ಕಾರ್ಖಾನೆಯಲ್ಲಿ ಕಂಪ್ಯೂಟರ್ ಚಾಲಿತ ಯಂತ್ರ, ತರಗತಿಯಲ್ಲಿ ಅಜ್ಜನ ಕಾಲದ ಲೇತು ಎಂದಾದರೆ ಅದು ಗುರುವಿಗೂ ಶಿಷ್ಯನಿಗೂ ಅವಮಾನ. ಇಂದು ಇದ್ದಾನೆ, ಮುಂದಿನ ವರ್ಷ ಇರುತ್ತಾನೋ ಇಲ್ಲವೋ ಎಂಬಂಥ ತಾತ್ಕಾಲಿಕ ನೇಮಕದಲ್ಲಿರುವವನು ಶಿಷ್ಯನ ಬೆನ್ನು ಹಿಂದೆ ಎರಡು ವರ್ಷ ನಿಲ್ಲುವುದು ಹೇಗೆ? ಹೆತ್ತವರ ಮನಸ್ಸೂ ಬದಲಾಗಬೇಕು. ಬುದ್ಧಿವಂತ ಮಗುವಿಗೆ ಕಾಲೇಜು, ಓದು ಹತ್ತದ ಮಗುವಿಗೆ ಐಟಿಐ ಎಂದು ವಿಂಗಡಿಸುವ ಮನೆಯಲ್ಲಿ ಕಸುಬಿಗೂ ಮರ್ಯಾದೆಯಿಲ್ಲ, ಕಸುಬಿನ ಗುರುವಿಗೂ ಇಲ್ಲ. ಉರಿಯ ಬಣ್ಣ ನೋಡಿ ಭಟ್ಟಿಯ ಶಾಖ ಹೇಳುವವನ ಬುದ್ಧಿ ಯಾವ ಬುದ್ಧಿಗೆ ಕಡಿಮೆ?

ಕಾಲ ಬದಲಾಗುತ್ತದೆ ಎಂಬುದನ್ನೂ ಮರೆಯಬಾರದು. ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಬಹುಪಾಲು ಇಂದು ಬಾಗಿಲು ಹಾಕಿವೆ. ಕಾಂಕ್ರೀಟಿನ ತಾರಸಿ ಬಂತು, ಆವೆಮಣ್ಣು, ಕಟ್ಟಿಗೆ ಎರಡೂ ದುಬಾರಿಯಾದವು. ಸೀಸದ ಮೊಳೆಗಳು ಕರಗಿಹೋದವು. ನಾದ ಕೇಳಿ ಹೆಂಚು ಆರಿಸುತ್ತಿದ್ದ ಕಿವಿಗಳಿಗೆ, ಮೊಳೆ ಎತ್ತುತ್ತಿದ್ದ ಬೆರಳುಗಳಿಗೆ ಕೆಲಸವಿಲ್ಲದಾಯಿತು. ಒಂದು ಕಸುಬು ಸತ್ತಾಗ ಅದನ್ನು ನಂಬಿದವನನ್ನು ಇನ್ನೊಂದಕ್ಕೆ ದಾಟಿಸುವುದೂ ಕಲಿಸುವವನ ಕೆಲಸವೇ. ಹದಿನೆಂಟರ ಹುಡುಗನಿಗೆ ಕಲಿಸುವುದಕ್ಕಿಂತ ನಲವತ್ತೈದರ ಸಂಸಾರಿಗೆ ಹೊಸ ಕಸುಬು ಕಲಿಸುವುದು ಕಷ್ಟ. ಅವನಿಗೆ ಕಲಿಸಬೇಕಾದುದು ಕೈಗೆ ಮಾತ್ರವಲ್ಲ, ಕುಂದಿದ ಮನಸ್ಸಿಗೂ. ಮುಂದಿನ ದಿನಗಳಲ್ಲಿ ಇಂಥ ಗುರುಗಳ ಅಗತ್ಯ ಹೆಚ್ಚಲಿದೆ.

ಹಳೆಯ ಮನೆಯೊಂದನ್ನು ಕೆಡವುವಾಗ ಮಾಡಿನಿಂದ ಇಳಿಸಿದ ಹೆಂಚನ್ನು ತಿರುಗಿಸಿ ನೋಡಿದರೆ ಬಾಸೆಲ್ ಮಿಶನ್ ಹೆಸರು, 1865 ಎಂಬ ಇಸವಿ ಅಚ್ಚಾಗಿರುವುದು ಕಾಣಬಹುದು. ಕಾರ್ಖಾನೆಯ ಹೆಸರು ಅಲ್ಲಿದೆ, ಒತ್ತಿದವನ ಹೆಸರಿಲ್ಲ, ಒತ್ತಲು ಕಲಿಸಿದವನ ಹೆಸರಿಲ್ಲ. ಆ ಕಾಲ ಹಾಗಿತ್ತು. ಈಗಲಾದರೂ ಒಂದು ಸಣ್ಣ ಕೆಲಸ ಎಲ್ಲರಿಂದಲೂ ಸಾಧ್ಯ. ಕಸುಬಿನಿಂದ ಬದುಕು ಕಟ್ಟಿಕೊಂಡ ಪ್ರತಿಯೊಬ್ಬರೂ ತಮಗೆ ಮೊದಲು ಉಪಕರಣ ಹಿಡಿಸಿದವರ ಹೆಸರನ್ನು ಮಕ್ಕಳಿಗೆ ಹೇಳಲಿ. ಮುಂದಿನ ಮಹಾನವಮಿಯಂದು ಯಂತ್ರಕ್ಕೆ ಹೂವಿಟ್ಟ ಬಳಿಕ, ಅವರು ಬದುಕಿದ್ದರೆ, ಬಿಡುವು ಮಾಡಿಕೊಂಡು ಒಮ್ಮೆ ಅವರ ಮನೆಗೂ ಹೋಗಿಬರಲಿ.